ಚಂದ್ರಿಕೆಯ ಮೇಲಿನ ಹಾಳೆಗಳು

ಸುಗಟೂರಿನ ಗಂಗಾಲಕ್ಷ್ಮಿ ಆ ಸಲ ರೇಷ್ಮೆಹುಳು ತರಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಂಟದೆತ್ತರಕ್ಕೆ ಬೆಳೆದು, ಎಲೆಯ ಭಾರಕ್ಕೆ ಕಡ್ಡಿಗಳು ಬಾಗಿದ್ದವು. ಹುಳುಮನೆಯ ತಟ್ಟೆಗಳು ಮಾತ್ರ ತೊಳೆದು ಒಣಗಿಸಿದ ಹಾಗೆಯೇ ಗೋಡೆಗೆ ಒರಗಿ ನಿಂತಿದ್ದವು. ಹೊಸ್ತಿಲ ಮುಂದೆ ಸದಾ ಬಿದ್ದಿರುತ್ತಿದ್ದ ಸುಣ್ಣದ ಪುಡಿಯ ಗೆರೆಯನ್ನೂ ಆಕೆ ಗುಡಿಸಿ ಹಾಕಿದ್ದಳು.

“ಎಲೆಯೆಲ್ಲಾ ಹಸುಗೇ ಹಾಕ್ತೀಯೇನಮ್ಮೋ?” ಎಂದು ಪಕ್ಕದ ಮನೆಯ ಆಂಜಿನಮ್ಮ ಬೇಲಿಯಾಚೆಯಿಂದ ಕೆಣಕಿದಳು. “ನೋಡ್ಕೋ, ಹಾಲು ಕರೆದ್ರೆ ರೇಷ್ಮೆ ದಾರ ಬಂದೀತು.”

“ಬಂದ್ರೆ ಮೊದಲ್ನೇ ಸೀರೆ ನಿಂಗೇ ನೇಯಿಸ್ತೀನಿ, ಹೋಗಕ್ಕಾ.”

ನಿಜವಾದ ಕಾರಣವನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕಾರಣ ಮಾನಸ.

ಮಾನಸ ಅಣ್ಣನ ಮಗಳು. ತಾಯಿಯಿಲ್ಲದ ಆ ಕೂಸನ್ನು ತೊಟ್ಟಿಲಿನಿಂದ ಹತ್ತನೆಯ ತರಗತಿಯವರೆಗೆ ಸಾಕಿದವಳು ಗಂಗಾಲಕ್ಷ್ಮಿ. ಅಣ್ಣ ನರೇಶ ಎರಡನೆಯ ಮದುವೆಯಾಗಿ ಮಾಲೂರಿನಲ್ಲಿ ಸಂಸಾರ ಹೂಡಿದ ಮೇಲೆ ಮಗಳನ್ನು ಕರೆದೊಯ್ದ. ಈಗ ಅವಳು ಕೋಲಾರದ ಹಾಸ್ಟೆಲಿನಲ್ಲಿದ್ದುಕೊಂಡು ಹೋಟೆಲಿನ ಅಡುಗೆ ಕಲಿಯುತ್ತಿದ್ದಳು. ಕಳೆದ ಯುಗಾದಿಯ ಹೊತ್ತಿಗೆ ಅವಳು ಮುನ್ಸೂಚನೆಯಿಲ್ಲದೆ ಬಂದಾಗ ಹುಳು ಹಣ್ಣಾಗಿ ಗೂಡಿಗೆ ಕೂರುವ ಸಮಯ. ಆ ದಿನಗಳಲ್ಲಿ ಹೊರಗಿನವರು ಒಳಗೆ ಕಾಲಿಡಬಾರದು, ಸೆಂಟಿನ ವಾಸನೆಯಂತೂ ಸುಳಿಯಲೇಬಾರದು ಎಂಬುದು ಗಂಗಾಲಕ್ಷ್ಮಿ ತನ್ನ ಅತ್ತೆಯ ಕಾಲದಿಂದ ನಡೆಸಿಕೊಂಡು ಬಂದ ಕಟ್ಟುಪಾಡು. ಹುಡುಗಿಯ ಮೈಯಿಂದ ಸೆಂಟು ಘಮ್ಮೆನ್ನುತ್ತಿತ್ತು. ಗಂಗಾಲಕ್ಷ್ಮಿ ಅವಳನ್ನು ಗೇಟಿನಾಚೆಯೇ ನಿಲ್ಲಿಸಿ ಕಾಫಿಯ ಲೋಟವನ್ನು ಕಂಬದ ಮೇಲಿಟ್ಟಳು.

“ನಾನೂ ಹೊರಗಿನೋಳಾದ್ನಲ್ಲ ಅತ್ತೆ” ಎಂದು ಮಾನಸ ನಕ್ಕು, ಕಾಫಿ ಕುಡಿದು, ಬಂದ ದಾರಿಯಲ್ಲೇ ಹೊರಟುಹೋದಳು. ಆಮೇಲೆ ತಿಂಗಳುಗಟ್ಟಲೆ ಬರಲಿಲ್ಲ. ಆ ಮಾತು ಮಾತ್ರ ಗಂಗಾಲಕ್ಷ್ಮಿಯ ಜೊತೆಯಲ್ಲಿ ಉಂಡಿತು, ಮಲಗಿತು, ಎದ್ದಿತು.

ಹೀಗಿರುವಾಗ ಮಾನಸಳೇ ಫೋನು ಮಾಡಿದಳು.

“ಭಾನುವಾರ ಬರ್ತೀನತ್ತೆ. ಲಸಾನ್ಯ ಮಾಡೋಣ. ಹಾಳೆ ನೀನು ಮಾಡಿಟ್ಟಿರು, ಸಾಸು, ಚೀಸು ನಾನು ತರ್ತೀನಿ.”

“ಅದೇನೇ ಅದು, ಹಾಳೆ ತಿನ್ನೋದು?”

“ಹೋಳಿಗೆ ಇದ್ದಂಗೇ ಕಣತ್ತೆ. ಹೂರಣ ಒಳಗಿರಲ್ಲ, ಮಧ್ಯ ಮಧ್ಯ ಇರ್ತದೆ. ಒಂದು ಹಾಳೆ, ಅದರ ಮೇಲೆ ಸಾಸು, ಚೀಸು, ಮತ್ತೆ ಹಾಳೆ. ಮೈದಾಗೆ ಬರೀ ಮೊಟ್ಟೆ ಹಾಕಿ ಗಟ್ಟಿಯಾಗಿ ನಾದು. ನೀರು ಬೇಡ. ನಿನ್ನಷ್ಟು ತೆಳ್ಳಗೆ ಲಟ್ಟಿಸೋರು ನಮ್ ಕಾಲೇಜಲ್ಲೇ ಇಲ್ಲ.”

“ರಾತ್ರಿ ಉಳ್ಕೋತೀಯಾ?”

“ಬೆಳಿಗ್ಗೆ ಬೇಗ ಎಬ್ಬಿಸಿ ಬಸ್ ಹತ್ತಿಸ್ತೀಯಾ ಅಂದ್ರೆ, ನೋಡೋಣ.”

ಹುಳು ತಂದಿಲ್ಲವೆಂದು ಹೇಳಬಹುದಿತ್ತು. ಆಕೆ ಹೇಳಲಿಲ್ಲ. ಹುಡುಗಿ ತಾನೇ ಕಂಡುಕೊಳ್ಳಲಿ, ಯಾರೂ ತಡೆಯದೆ ನೇರವಾಗಿ ಒಳಮನೆಗೆ ನಡೆದು ಬರಲಿ ಎಂಬುದಷ್ಟೇ ಆಕೆಯ ಆಸೆಯಾಗಿತ್ತು.

ಭಾನುವಾರ ಎದ್ದವಳೇ ಗಂಗಾಲಕ್ಷ್ಮಿ ಮೈದಾ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ನಾಟಿ ಮೊಟ್ಟೆಗಳನ್ನು ಒಡೆದು ಹಾಕಿದಳು. ಹೋಳಿಗೆಯ ಕಣಕಕ್ಕೆ ಒಗ್ಗಿದ ಕೈ ಎಣ್ಣೆಯ ಬಟ್ಟಲಿನತ್ತ ಮತ್ತೆ ಮತ್ತೆ ಹೊರಳುತ್ತಿತ್ತು. ಆಕೆ ಅದನ್ನು ಗದರಿಸಿ ಹಿಂದಕ್ಕೆ ಕರೆದುಕೊಳ್ಳುತ್ತಿದ್ದಳು. ಹಿಟ್ಟು ಹಟಮಾರಿಯಾಗಿತ್ತು. ಅಂಗೈಯ ಬುಡದಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ ನಾದಿದ ಮೇಲೆ ಕೊನೆಗೂ ಮಣಿದು, ಕಿವಿಯ ಹಾಲೆಯಂತೆ ನುಣುಪಾಯಿತು. ಒದ್ದೆ ಬಟ್ಟೆ ಮುಚ್ಚಿ ಅದನ್ನು ನೆನೆಯಲು ಬಿಟ್ಟು, ಒಳಮನೆಯಲ್ಲಿ ಮಾನಸಳ ಹಳೆಯ ಹಾಸಿಗೆಯನ್ನು ಕೊಡವಿ ಹಾಸಿದಳು.

ಲಟ್ಟಿಸಲು ಕುಳಿತಾಗ ಮನೆಯಲ್ಲಿ ಲಟ್ಟಣಿಗೆಯ ಸದ್ದಲ್ಲದೆ ಬೇರೊಂದು ಸದ್ದಿರಲಿಲ್ಲ. ಹಿಂದೆ ಹಪ್ಪಳ ಒತ್ತುವಾಗ ಹಸಿ ಹಿಟ್ಟಿನುಂಡೆ ಕೇಳುತ್ತಾ ಚಾಚಿದ ಪುಟ್ಟ ಕೈಯೊಂದು ಈ ಮಣೆಯ ಪಕ್ಕದಲ್ಲೇ ಇರುತ್ತಿತ್ತು. ಕೆಳಗಿಟ್ಟ ಬೆರಳಿನ ಗೆರೆ ಮೇಲೆ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿದಳು. ಅವನ್ನು ಎಲ್ಲಿ ಆರಹಾಕುವುದು? ಹಪ್ಪಳದಂತೆ ನೆಲದ ಮೇಲೆ ಹರಡಿದರೆ ತಳಕ್ಕೆ ಗಾಳಿಯಾಡದು. ಹುಳುಮನೆಯಲ್ಲಿ ಚಂದ್ರಿಕೆಗಳಿದ್ದವು. ಹಣ್ಣಾದ ಹುಳುಗಳು ಗೂಡು ಕಟ್ಟಲಿ ಎಂದು ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಹೆಣೆದ ದೊಡ್ಡ ತಟ್ಟಿಗಳು ಅವು. ಸ್ವಚ್ಛವಾಗಿ ತೊಳೆದಿದ್ದವು. ಎರಡನ್ನು ಅಂಗಳದ ನೆರಳಿಗೆ ತಂದು, ಗೋಡೆಗೆ ವಾರೆಯಾಗಿ ಒರಗಿಸಿ, ಹಾಳೆಗಳನ್ನು ಹೊದಿಸಿದಳು. ಕಾಗೆ ಮುಟ್ಟದಿರಲೆಂದು ಮೇಲೆ ತೆಳು ಪಂಚೆ ಮುಚ್ಚಿದಳು. ಬಾಗಿಲ ಚಿಲಕ ಹಾಕಿ, ಬೇಯಿಸಲು ದಪ್ಪ ತಳದ ಪಾತ್ರೆ ಕೇಳಿ ತರಲು ಆಂಜಿನಮ್ಮನ ಮನೆಗೆ ಹೋದಳು. ಆಂಜಿನಮ್ಮ ಪಾತ್ರೆಗಿಂತ ಮೊದಲು ಮಾತು ತೆಗೆದಳು. ಸೊಸೆಯ ಕಥೆ ಮುಗಿಯುವವರೆಗೆ ಬಿಡಲಿಲ್ಲ.

ಹಿಂದಿರುಗಿದಾಗ ಗೇಟಿನ ಕಂಬಕ್ಕೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಒಳಗೆ ಟೊಮೆಟೊ ಸಾಸಿನ ಡಬ್ಬಿ, ಇನ್ನೂ ತಣ್ಣಗಿದ್ದ ಚೀಸಿನ ಗಟ್ಟಿ. ದಾರಿಯಲ್ಲಿ ಯಾರೂ ಇರಲಿಲ್ಲ. ಆಕೆ ಒಳಗೆ ಓಡಿ ಫೋನು ಕೈಗೆತ್ತಿಕೊಂಡಳು.

“ಬ್ಯಾಗ್ ಸಿಕ್ತಾ ಅತ್ತೆ? ಚೀಸು ಬಿಸಿಲಲ್ಲಿ ಇಡ್ಬೇಡ.” ಮಾನಸಳ ದನಿಯ ಹಿಂದೆ ಬಸ್ಸಿನ ಗದ್ದಲವಿತ್ತು.

“ಬಂದೋಳು ಯಾಕೇ ಹೋದೆ?”

“ಬಾಗ್ಲು ಹಾಕಿತ್ತು. ನೀನು ಚಂದ್ರಿಕೆ ಹೊರಗಿಟ್ಟು ಬಟ್ಟೆ ಮುಚ್ಚಿದ್ದೆ. ಹುಳ ಗೂಡಿಗೆ ಕೂತಿರೋವಾಗ ಕೂಗಬಾರ್ದು ಅಂತ ನಂಗೆ ಇನ್ಯಾರಾದ್ರೂ ಹೇಳ್ಕೊಡ್ಬೇಕಾ? ನಿನ್ ಕೈಲೇ ಬೆಳೆದೋಳು.” ಅವಳೇ ಮುಂದುವರಿಸಿದಳು: “ಸೆಂಟೂ ಹಾಕಿರ್ಲಿಲ್ಲ ಈ ಸಲ. ಆದ್ರೂ ಮತ್ತೆ ಗೇಟ್ ಹತ್ರ ನಿಂತ್ಕೊಳ್ಳೋಕೆ ಮನಸಾಗ್ಲಿಲ್ಲ.”

“ಹುಳ ಇಲ್ಲ ಕಣೇ. ಅವು ನಿನ್ನ ಹಾಳೆಗಳು.”

ಬಸ್ಸಿನ ಹಾರ್ನ್ ಒಂದೆರಡು ಸಲ ಕೂಗಿತು.

“ಈ ಸಲ ಹುಳ ಮೇಯಿಸ್ಲಿಲ್ವಾ? ಯಾಕತ್ತೆ?”

ಗಂಗಾಲಕ್ಷ್ಮಿಯ ಕಣ್ಣೆದುರಿಗೆ ಹಿಪ್ಪುನೇರಳೆ ದಟ್ಟ ಹಸಿರಾಗಿ ನಿಂತಿತ್ತು.

“ಎಲೆ ಸರಿಯಾಗಿ ಬರ್ಲಿಲ್ಲ” ಎಂದಳು.

“ಅಯ್ಯೋ. ಈಗ ಇಳಿದ್ರೂ ವಾಪಸ್ ಬಸ್ ಸಂಜೆಗೇ ಅತ್ತೆ. ನಾಳೆ ಬೆಳಿಗ್ಗೆ ಪ್ರಾಕ್ಟಿಕಲ್ ಬೇರೆ.”

“ಬೇಡ ಬೇಡ, ಹೋಗು.”

“ಮುಂದಿನ ಬೆಳೆ ಮುಗಿದ್ಮೇಲೆ ಹೇಳು, ಬರ್ತೀನಿ.”

“ಹುಳ ಇದ್ರೂ ಬಾ. ಕೂಗ್ಲೂ ಬೇಡ, ನೇರ ಒಳಗೇ ಬಾ.”

“ಈ ಮಾತು ನೀನಾ ಹೇಳ್ತಿರೋದು?” ಹುಡುಗಿ ನಕ್ಕಳು. ಯುಗಾದಿಯ ನಗುವಲ್ಲ, ಆದರೂ ದೂರದ್ದು. “ನೋಡೋಣತ್ತೆ.”

ಗಂಗಾಲಕ್ಷ್ಮಿ ಅಂಗಳಕ್ಕೆ ಬಂದು ಪಂಚೆ ಸರಿಸಿದಳು. ಹಾಳೆಗಳು ಬಿದಿರಿನ ಅಂಚಿಗೆ ಅಂಟಿಕೊಂಡು ಒಣಗಿದ್ದವು. ಉಗುರಿನ ತುದಿಯಿಂದ ಬಿಡಿಸಿದಂತೆಲ್ಲ ಕೆಲವು ಸೀಳಿದವು. ಉಳಿದವುಗಳ ಬೆನ್ನಿನ ಮೇಲೆ ಸುರುಳಿಯ ಗೆರೆಗಳು ಒತ್ತಿಕೊಂಡಿದ್ದವು. ಚೂರುಗಳನ್ನೂ ಬಿಡದೆ ಆರಿಸಿ ಡಬ್ಬಿಗೆ ತುಂಬಿದಳು. ಚೀಸಿನ ಗಟ್ಟಿಯನ್ನು ನೀರಿನ ಮಡಕೆಯ ಪಕ್ಕದ ತಂಪಿನಲ್ಲಿಟ್ಟಳು. ಅದನ್ನು ಯಾವ ಹಾಳೆಯ ಮೇಲೆ, ಎಷ್ಟು ಹಾಕಬೇಕೆಂಬುದು ಆಕೆಗೆ ತಿಳಿದಿರಲಿಲ್ಲ.

ಚಂದ್ರಿಕೆಗಳನ್ನು ಹುಳುಮನೆಗೆ ಹೊತ್ತೊಯ್ದಿಟ್ಟು ಹೊರಬಂದು, ಅಭ್ಯಾಸಬಲದಿಂದ ಸದ್ದಾಗದ ಹಾಗೆ ಬಾಗಿಲು ಮುಂದಕ್ಕೆಳೆದಳು. ನಾಲ್ಕು ಹೆಜ್ಜೆ ನಡೆದ ಮೇಲೆ ತಿರುಗಿ ಬಂದು, ಅದನ್ನು ಗೋಡೆ ಮುಟ್ಟುವಷ್ಟು ತೆರೆದಿಟ್ಟಳು.