ಜೋಕಾಲಿಗೆ ಇಷ್ಟು ವಿಚಾರ ಯಾಕ

ಮಹಾಮಾಯಾ ಭಾಲ್ಕಿಯ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಅವಳ ಗೆಳತಿ ಎಲೀನಾ ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ನಲವತ್ತೈದರ ಆಸುಪಾಸು. ಬೀದರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ನೌಕರಿ ಸಿಕ್ಕ ಮೊದಲ ವರ್ಷ ಹೈದರಾಬಾದಿನ ಹತ್ತಿರದ 'ಸಪ್ತಲೋಕ' ಎಂಬ ಥೀಮ್ ಪಾರ್ಕಿಗೆ ಹೋಗಿ, ರೋಲರ್ ಕೋಸ್ಟರಿನಲ್ಲಿ ಕೂತು ಗಂಟಲು ಹರಿಯುವಂತೆ ಚೀರಿ, ಮರುದಿನ ಧ್ವನಿಯಿಲ್ಲದೆ ಕೆಲಸಕ್ಕೆ ಹೋಗಿದ್ದರು. ಅಲ್ಲಿಂದಾಚೆ ಹದಿನೆಂಟು ವರ್ಷ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದನ್ನು ಕರೋನಾದ ಎರಡು ವರ್ಷ ಬಿಟ್ಟರೆ ಒಮ್ಮೆಯೂ ತಪ್ಪಿಸಿರಲಿಲ್ಲ.

ಆ ಎರಡು ವರ್ಷದಲ್ಲೇ ಮಹಾಮಾಯಾ ಯೂಟ್ಯೂಬ್ ಚಾನೆಲ್ ಶುರುಮಾಡಿದ್ದು. ಪಾರ್ಕು ಮುಚ್ಚಿತ್ತು, ಹಳೆಯ ವಿಡಿಯೋಗಳು ಫೋನಿನಲ್ಲಿದ್ದವು. ಅವನ್ನೇ ಮತ್ತೆ ಮತ್ತೆ ನೋಡುತ್ತ ಅವಳಿಗೆ ಬೇರೆಯೇ ಪ್ರಶ್ನೆಗಳು ಹುಟ್ಟಿದವು. ಆಟಕ್ಕೆ ಕಾಯುವವರ ಪಾಳಿ ಯಾಕೆ ಹಾವಿನಂತೆ ಸುತ್ತುತ್ತದೆ? ಗಾಡಿ ಮೇಲೇರುವಾಗ ಯಾಕೆ ಅಷ್ಟು ನಿಧಾನ, ಅದರ ಬ್ರೇಕು ಹಿಡಿಯುವುದು ಹೇಗೆ? ಹೊರಗೆ ಬರುವ ದಾರಿ ಯಾಕೆ ಆಟಿಕೆ ಅಂಗಡಿಯೊಳಗಿಂದಲೇ ಹೋಗುತ್ತದೆ? ಒಂದೊಂದಕ್ಕೂ ಉತ್ತರ ಹುಡುಕಿ ವಿಡಿಯೋ ಮಾಡಿದಳು. ನೋಡುವವರು ಎಂಟುನೂರು ಜನ ಇದ್ದರು. ಎಂಟುನೂರು ಕಡಿಮೆಯೇನೂ ಅಲ್ಲ ಎಂದು ಅವಳು ತಿಳಿದಿದ್ದಳು.

ಈ ವರ್ಷ ಮಾಡಿದ ಒಂದು ವಿಡಿಯೋ ಮಾತ್ರ ಅವಳನ್ನು ಸುಸ್ತು ಮಾಡಿಬಿಟ್ಟಿತು. ಸಪ್ತಲೋಕದಲ್ಲಿ ಒಂದು ಮಾದರಿ ಹಳ್ಳಿ ಇದೆ. ಬಾವಿ, ಕಟ್ಟೆ, ಕುಂಬಾರ, ಬಡಿಗ, ಅಕ್ಕಸಾಲಿ, ಎಲ್ಲರದೂ ಸಿಮೆಂಟಿನ ಗೊಂಬೆಗಳು, ಸುತ್ತ ಮಣ್ಣಿನ ಬಣ್ಣದ ಗೋಡೆ. ಚಪ್ಪಲಿ ಹೊಲಿಯುವವನ ಗೊಂಬೆ ಮಾತ್ರ ಗೋಡೆಯ ಹೊರಗೆ, ಶೌಚಾಲಯಕ್ಕೆ ಹೋಗುವ ದಾರಿಯ ಪಕ್ಕ. ಹದಿನೆಂಟು ವರ್ಷ ಅದರ ಮುಂದೆಯೇ ಓಡಾಡಿದವಳಿಗೆ ಅದು ಕಂಡದ್ದು ಫೋನಿನ ಪರದೆಯ ಮೇಲೆ. ಚಿಂತಾಕಿಯಲ್ಲಿ ಅವಳ ಅಪ್ಪ ಮಚ್ಛೇಂದ್ರ ಹುಟ್ಟಿದ ಮನೆಯೂ ಹೀಗೇ ಊರ ಹೊರಗಿತ್ತು. ಹನ್ನೊಂದು ನಿಮಿಷದ ವಿಡಿಯೋದಲ್ಲಿ ಅವಳು ದನಿಯೇರಿಸದೆ ಒಂದೇ ಪ್ರಶ್ನೆ ಕೇಳಿದ್ದಳು: ಸಂತೋಷಕ್ಕೆಂದು ಹೊಸದಾಗಿ ಕಟ್ಟಿದ ಊರಿನಲ್ಲೂ ಅವನು ಹೊರಗೇ ಯಾಕೆ ಕೂತಿದ್ದಾನೆ?

ಕೆಳಗೆ ನೂರಾರು ಕಾಮೆಂಟು ಬಂದವು. ಆಟಕ್ಕೂ ಜಾತಿ ತಂದಿರಾ ಎಂದರು. ಮಜಾ ಮಾಡಲು ಬರದಿದ್ದರೆ ಮನೆಯಲ್ಲಿರಿ ಎಂದರು. ಮೊದಲ ವಾರ ಅವಳು ಒಬ್ಬೊಬ್ಬರಿಗೂ ಉತ್ತರ ಬರೆದಳು. ಎರಡನೆಯ ವಾರ ಓದುವುದನ್ನೇ ಬಿಟ್ಟಳು.

ಜಿಲ್ಲೆಯಲ್ಲಿ ಇಂಥ ಪಾರ್ಕುಗಳ ಹುಚ್ಚಿರುವ ಹನ್ನೊಂದು ಜನರ ಒಂದು ವಾಟ್ಸಾಪ್ ಗುಂಪಿತ್ತು, ಇವರಿಬ್ಬರೂ ಅದರಲ್ಲಿದ್ದರು. ಅದನ್ನು ಕಟ್ಟಿದವನು ಔರಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಂಜುಕುಮಾರ. ಗುಂಪಿನಲ್ಲೂ ಮಾತು ಬಿಸಿಯೇರಿದಾಗ ಅವನು, ಎದುರುಬದುರು ಕೂತು ಮಾತಾಡೋಣ ಎಂದು ಒಂದು ರವಿವಾರ ಎಲ್ಲರನ್ನೂ ಸ್ಟುಡಿಯೋಕ್ಕೆ ಕರೆದ. ಎಲೀನಾ ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ಸರಿಯಾಗಿ ಮಲಗಿರಲಿಲ್ಲ. ಆದರೂ ಮಹಾಮಾಯಾಳ ಜೊತೆ ಬೀದರಿನಿಂದ ಬಸ್ಸು ಹತ್ತಿ ಬಂದಳು.

ಬಂದವರು ಏಳು ಜನ. ಫೋಟೋ ತೆಗೆಯಲು ಇಟ್ಟಿದ್ದ ಬೆಂಚು, ಸ್ಟೂಲುಗಳ ಮೇಲೆ ಕೂತರು. ಹಿಂದೆ ಜಲಪಾತದ ಚಿತ್ರವಿದ್ದ ಪರದೆ. ಸಂಜುಕುಮಾರ ಚಹಾ ಕೊಟ್ಟು ತಾನೇ ಮಾತು ತೆಗೆದ.

"ಅಕ್ಕಾ, ಬೇಜಾರ ಮಾಡ್ಕೋಬ್ಯಾಡ್ರಿ. ನಿಮ್ಮ ಬ್ರೇಕಿನ ವಿಡಿಯೋ, ಪಾಳಿ ವಿಡಿಯೋ ನನಗ ಭಾಳ ಪಸಂದ. ಆದ್ರ ಒಂದ್ ಮಾತು ಕೇಳ್ತೇನಿ. ಜೋಕಾಲಿಗೆ ಇಷ್ಟು ವಿಚಾರ ಯಾಕರಿ?"

"ಬ್ರೇಕಿನ ವಿಚಾರ ಮಾಡಿದ್ರ ನಡೀತದ, ಗೊಂಬಿ ವಿಚಾರ ಮಾಡಿದ್ರ ನಡ್ಯಂಗಿಲ್ಲ. ಹಂಗೇನ್ರಿ?"

"ಹಂಗಲ್ರಿ. ಮನಷಾ ಎಲ್ಲಾ ಮರೀಲಿಕ್ಕಂತ ಅಲ್ಲಿಗಿ ಹೋಗ್ತಾನ. ನೀವು ಅದನ್ನೇ ನೆನಪು ಮಾಡಿ ಕೊಡ್ತೀರಿ."

ಹೊಲಿಗೆ ಕಲಿಸುವ ಹಮೀದುನ್ನಿಸಾ ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ಚಹಾದ ಲೋಟ ಕೆಳಗಿಟ್ಟು, "ನಾ ಓದಿದಾಕಿ ಅಲ್ಲ ಬೇಟಾ. ಜೋಕಾಲ್ಯಾಗ ಕೂತ್ರ ಮೊಣಕಾಲು ನೂಸೂದು ಮರೀತೇನಿ. ನನಗ ಅಷ್ಟೇ ಸಾಕು. ಆದ್ರ ನೀ ಹೇಳಿದ್ದು ಸುಳ್ಳಲ್ಲ," ಎಂದಳು.

ಮಹಾಮಾಯಾ ಎಲೀನಾಳ ಕಡೆ ನೋಡಿದಳು. ಈಗಾದರೂ ಇವಳು ತನ್ನ ಪರವಾಗಿ ಒಂದು ಮಾತಾಡುತ್ತಾಳೆ ಎಂದು ಕಾದಳು. ಎಲೀನಾ ಗೋಡೆಗೆ ತಲೆ ಆನಿಸಿ ಕೂತಿದ್ದಳು. "ನೀವೇನಂತೀರಿ, ಸಿಸ್ಟರ್?" ಎಂದು ಸಂಜುಕುಮಾರನೇ ಕೇಳಿದ.

"ನನಗ ವರ್ಷಕ್ಕ ಒಂದ್ ದಿನ ಸಿಗ್ತದರಿ," ಎಂದಳು ಎಲೀನಾ. "ಅವತ್ತು ಯಾರೂ ಏನೂ ಹೇಳಬಾರದು ಅನಸ್ತದ."

ಸಭೆಯಲ್ಲಿ ಏನೂ ತೀರ್ಮಾನವಾಗಲಿಲ್ಲ. ಕಮಲನಗರದಿಂದ ಬಂದಿದ್ದ ಇಬ್ಬರು ಬಸ್ಸಿನ ಹೊತ್ತಾಯಿತೆಂದು ಎದ್ದರು, ಉಳಿದವರೂ ಅವರ ಹಿಂದೆಯೇ ಎದ್ದರು.

ಬೀದರಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹೊರಗೆ ತೊಗರಿಯ ಹೊಲಗಳು, ಮಧ್ಯಾಹ್ನದ ಬಿಸಿಲು. ಕೊನೆಗೆ ಮಹಾಮಾಯಾಳಿಗೆ ತಡೆಯಲಾಗಲಿಲ್ಲ.

"ಎಲ್ಲಾರ ಮುಂದ ನನ್ನ ಕೈ ಬಿಟ್ಟಿ."

"ಬಿಟ್ಟಿಲ್ಲ. ನನಗ ಅನಿಸಿದ್ದು ಹೇಳಿದೆ."

"ನಿನಗ ಹ್ಯಾಂಗ ಅನಸ್ಬೇಕು? ನೀ ಪಾರ್ಕಿನ್ಯಾಗ ಏನೂ ನೋಡಂಗಿಲ್ಲ. ಓಡ್ತಿ, ಕೂಡ್ತಿ, ಚೀರ್ತಿ."

ಎಲೀನಾ ಕಿಟಕಿಯಿಂದ ಮುಖ ತಿರುಗಿಸಿದಳು. ಕಣ್ಣು ಕೆಂಪಾಗಿದ್ದವು. ನಿದ್ದೆಗೆಟ್ಟು ಕೆಂಪಾದವು.

"ಆ ಗೊಂಬಿ ನಾ ನೋಡಿಲ್ಲ ಅಂತ ತಿಳಿದೀಯೇನು ಮಾಯಾ? ಮೊದಲನೇ ವರ್ಷನೇ ನೋಡೀನಿ. ನೀ ಐಸ್‌ಕ್ರೀಮ್ ತರಲಿಕ್ಕ ಹೋಗಿದ್ದಿ. ನಾ ಅದರ ಮುಂದ ನಿಂತಿದ್ದೆ."

ಮಹಾಮಾಯಾ ಅವಳ ಕಡೆ ಪೂರ್ತಿ ತಿರುಗಿ ಕೂತಳು.

"ಅದರ ಕೈಯಾಗ ತೊಗಲು ಕೊಯ್ಯೋ ರಂಪಿಗಿ ಅದ ನೋಡು, ಅದನ್ನ ಉಲ್ಟಾ ಹಿಡಿಸ್ಯಾರ. ಹಂಗ ಹಿಡಿದ್ರ ಮೊದಲನೇ ಏಟಿಗೇ ಬೆರಳು ಹೋಗ್ತದ. ಕಮಠಾಣದಾಗ ನಮ್ಮ ಅಜ್ಜ ಅಮೋಸ ಸಾಯೂತನಕ ಅದೇ ಕೆಲಸ ಮಾಡಿದಾಂವ. ರವಿವಾರ ಚರ್ಚಿಗಿ ಬರೂಮುಂದ ಕೈ ಎಷ್ಟು ತೊಳಕೊಂಡ್ರೂ ವಾಸನಿ ಹೋಗ್ತಿರಲಿಲ್ಲ. ನಾ ಅವನ ಬಾಜೂಕ ಕೂಡ್ತಿದ್ದೆ. ನೀ ವಿಡಿಯೋದಾಗ ಗೋಡಿ ನೋಡಿದಿ. ನಾ ಕೈ ನೋಡಿದೆ."

"ಹದಿನೆಂಟು ವರ್ಷ ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ವಾರ್ಡಿನ್ಯಾಗ ದಿನಾ ಒಂದೊಂದು ನೋಡ್ತೇನಿ. ಯಾರ ಕೈಯಾಗಿನ ಗುಳಗಿ ಯಾರು ಮುಟ್ಟಂಗಿಲ್ಲ, ಯಾರ ಹೆಸರು ಕೇಳಿ ಯಾರು ಮುಖ ತಿರುವ್ತಾರ. ನೋಡಿ ಸುಮ್ಮ ಕೆಲಸ ಮಾಡ್ತೇನಿ. ಅಲ್ಲೂ ಹಂಗೇ, ನೋಡಿದೆ, ಹೋಗಿ ಪಾಳಿಯಾಗ ನಿಂತೆ. ವಿಚಾರ ಮಾಡಲಾರದಾಕಿ ಅಂತ ಅಲ್ಲ. ಮಾಡಿ ಮಾಡಿ ಸಾಕಾಗಿ ಚೀರಲಿಕ್ಕ ಹೋಗ್ತೇನಿ."

ಮಹಾಮಾಯಾಳಿಗೆ ನಾಚಿಕೆಯಾಯಿತು. ಎಂಟುನೂರು ಜನರಿಗೆ ತಿಳಿಹೇಳುತ್ತಿದ್ದವಳು ಪಕ್ಕದ ಸೀಟಿನಲ್ಲಿ ಕೂತವಳನ್ನು ಇಷ್ಟು ವರ್ಷ ಏನೂ ಅರಿಯದವಳೆಂದು ನಂಬಿದ್ದಳು. ಆದರೆ ನಾಚಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅದನ್ನು ಅವಳು ಅದುಮಿಡಲಾರದೆ ಹೋದಳು.

"ರಂಪಿಗಿ ಮಾತು ವಿಡಿಯೋದಾಗ ಹಾಕ್ಲೇನು? ನಿನ್ನ ಹೆಸರು ಹೇಳಂಗಿಲ್ಲ."

"ಬ್ಯಾಡ."

"ಜನಕ್ಕ ಗೊತ್ತಾಗ್ಬೇಕು, ಎಲೀ."

"ಗೊತ್ತಾಗ್ಲಿ. ಬ್ಯಾರೆ ಯಾವದರಿಂದರ ಗೊತ್ತಾಗ್ಲಿ. ಇದು ನಮ್ಮ ಅಜ್ಜಂದು. ಬಿಡು."

ಬೀದರ ಬಂದಾಗ ಇಬ್ಬರೂ ಇಳಿದರು. ಭಾಲ್ಕಿಯ ಬಸ್ಸು ಹೊರಡಲು ನಿಂತಿತ್ತು. ಮಹಾಮಾಯಾ ಹತ್ತಿದಳು, ಎಲೀನಾ ಆಟೋ ಹಿಡಿದು ಮನೆಗೆ ಹೋದಳು. ಬರುತ್ತೇನೆ ಎಂದು ಹೇಳುವುದನ್ನು ಇಬ್ಬರೂ ಮರೆತರು.

ರಂಪಿಗೆಯ ಮಾತು ವಿಡಿಯೋದಲ್ಲಿ ಬರಲಿಲ್ಲ. ಮಹಾಮಾಯಾ ಪಾರ್ಕಿನವರಿಗೆ ಗೋಡೆಯ ವಿಚಾರವಾಗಿ ಎರಡು ಪುಟದ ಪತ್ರ ಬರೆದು ರಿಜಿಸ್ಟರ್ ಮಾಡಿದಳು. ಮುಟ್ಟಿದ ರಸೀದಿ ಬಂತು, ಉತ್ತರ ಬರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಸಂಜುಕುಮಾರ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಿದ್ದ. ಬೇರೆ ಮಾತಿರಲಿಲ್ಲ. ಎರಡು ತಿಂಗಳು ಅವಳು ಎಲೀನಾಳಿಗೆ ಫೋನು ಮಾಡಲಿಲ್ಲ, ಎಲೀನಾಳೂ ಮಾಡಲಿಲ್ಲ. ಜನವರಿಯಲ್ಲಿ ಎಲೀನಾಳಿಂದ ಒಂದು ಮೆಸೇಜ್ ಬಂತು. "ಗುರುವಾರ ರಜಾ ಅದ. ಬರ್ತಿಯೇನು?"

ಸಪ್ತಲೋಕದ ಬಾಗಿಲಲ್ಲಿ ಎಲೀನಾ ಹೇಳಿದಳು, "ಊಟದ ತನಕ ನೀ ನಿನ್ನ ಕೆಲಸ ಮಾಡ್ಕೋ, ನಾ ನಂದು ಮಾಡ್ಕೋತೇನಿ. ಒಂದ್ ಗಂಟೆಕ್ಕ ಕ್ಯಾಂಟೀನಿನ್ಯಾಗ ಸಿಗೂಣು." ಮಹಾಮಾಯಾಳಿಗೆ ಮೊದಲು ಬೇಸರವಾಯಿತು, ಆಮೇಲೆ ಹಗುರವೂ ಆಯಿತು. ಬೆಳಿಗ್ಗೆಯೆಲ್ಲ ಅವಳು ಹೊಸದಾಗಿ ಹಾಕಿದ್ದ ಒಂದು ಆಟದ ಕಂಬಗಳನ್ನು ನೋಡುತ್ತ, ಬರೆದುಕೊಳ್ಳುತ್ತ ತಿರುಗಿದಳು. ದೂರದಿಂದ ಒಮ್ಮೆ ಎಲೀನಾಳ ಕೂಗು ಕೇಳಿದಂತಾಯಿತು. ಅವಳದೇ ಇರಬಹುದು, ಬೇರೆ ಯಾರದೋ ಇರಬಹುದು.

ಊಟವಾದ ಮೇಲೆ ಇಬ್ಬರೂ ಒಟ್ಟಿಗೆ ದೊಡ್ಡ ಕೋಸ್ಟರ್ ಹತ್ತಿದರು. ಈ ಸಲ ಏನೂ ಎಣಿಸಬಾರದು ಎಂದು ಮಹಾಮಾಯಾ ಕಣ್ಣು ಮುಚ್ಚಿದಳು. ಆದರೂ ಮೇಲೇರುವಾಗಿನ ಸರಪಳಿಯ ಕಟಕಟ ಸದ್ದನ್ನು ಅವಳ ಕಿವಿ ಲೆಕ್ಕ ಹಾಕುತ್ತಲೇ ಇತ್ತು. ಎಲೀನಾ ಕೂಗಲಿಲ್ಲ. ಸುಮ್ಮನೆ ಕಂಬಿ ಹಿಡಿದು ಕೂತಿದ್ದಳು.

ಇಳಿದ ಮೇಲೆ ಮಹಾಮಾಯಾ ಕೇಳಿದಳು, "ಮಜಾ ಬಂತೇನು?"

"ತಿಳೀಲಿಲ್ಲ. ನಿನಗ?"

"ನನಗೂ ತಿಳೀಲಿಲ್ಲ."

ಎಲೀನಾ ನಕ್ಕಳು. ಬಹಳ ದಿನದ ಮೇಲೆ ನಕ್ಕವಳಂತೆ, ಅರ್ಧಕ್ಕೇ ಕೆಮ್ಮು ಬಂತು. ಪಾಳಿ ಆ ಹೊತ್ತಿಗೆ ಅಷ್ಟು ಉದ್ದವಿರಲಿಲ್ಲ. ಇಬ್ಬರೂ ಹೋಗಿ ಅದರ ಕೊನೆಯಲ್ಲಿ ಮತ್ತೆ ನಿಂತರು.