ಹತ್ತೊಂಬತ್ತು ದನಿ

"ಕಣ್ಣಲ್ಲಿ ಏನಿಟ್ಕೊಂಡಿದ್ರೇ ಮುಂಡೇವಾ, ಸಗಣಿನಾ? ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆ, ಕುರುಡನಿಗೂ ಕಾಣುತ್ತೆ!"

ಮೇಸ್ತ್ರಿ ನೀಲಿ ಡ್ರಮ್ಮಿಗೆ ಬೂಟುಗಾಲಿನಿಂದ ಒದ್ದ. ಒದ್ದವನೇ ಎರಡು ಹೆಜ್ಜೆ ಹಿಂದೆ ಸರಿದ. ಒಳಗಿರುವುದು ಎಲ್ಲಿ ತನ್ನ ಮೇಲೆ ಹಾರೀತೋ ಎಂದು ಅವನಿಗೂ ಹೆದರಿಕೆ. ನಾವು ಹದಿನೆಂಟು ಹೆಂಗಸರು ಒದ್ದೆ ನೆಲದ ಮೇಲೆ ಸಾಲಾಗಿ ನಿಂತಿದ್ದೆವು. ಹತ್ತೊಂಬತ್ತನೆಯವಳು ದೊಡ್ಡಕ್ಕ. ಅವಳನ್ನು ಆಗಷ್ಟೇ ಒಂದು ಚಾದರದಲ್ಲಿ ಸುತ್ತಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಅವಳು ಹೋದರೂ ಅವಳ ಕೂಗು ನಮ್ಮ ಕಿವಿ ಬಿಟ್ಟು ಹೋಗಿರಲಿಲ್ಲ.

"ಹೇಳ್ರೇ! ಎಲ್ಲಾರೂ ಇಂಗ್ಲಿಷ್ ಪಾಸು ತಾನೇ? ಎಂಬತ್ತು ತೊಂಬತ್ತು ಮಾರ್ಕು ಹೊಡ್ಕೊಂಡು ಮೆರೀತಿದ್ರಲ್ಲ, ಈಗೇನು ಬಾಯಿಗೆ ಬೀಗ?"

ಹದಿನೇಳು ಜೊತೆ ಕಣ್ಣುಗಳು ಒಂದು ಸಲ ನನ್ನ ಕಡೆ ಹೊರಳಿ ಮತ್ತೆ ನೆಲಕ್ಕಿಳಿದವು.

ನಾವಿರುವುದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ. ಮೇಲೆ ಹನ್ನೆರಡು ಮಹಡಿ, ಕೆಳಗೆ ನಾವು. ಮೇಲಿನವರು ಹೊರಳಾಡಿದ ಹಾಸಿಗೆಬಟ್ಟೆ, ಒರೆಸಿ ಎಸೆದ ಟವೆಲು ಎಲ್ಲವೂ ಕೊಳವೆಯಲ್ಲಿ ಜಾರಿ ನಮ್ಮ ಮುಂದೆ ಬೀಳುತ್ತವೆ. ಡ್ರಮ್ಮುಗಳು ನಮಗೆ ಬಣ್ಣದಿಂದಲೇ ಗುರುತು. ಕೆಂಪು ಅಂದರೆ ಕಲೆ ತೆಗೆಯುವ ಔಷಧಿ, ಕೈಗೆ ಗ್ಲೌಸು ಬೇಕು. ನೀಲಿ ಅಂದರೆ ಸೋಪು, ಬರಿಗೈ ಸಾಕು. ಹದಿನೇಳು ವರ್ಷದಿಂದ ದೊಡ್ಡಕ್ಕ ಪ್ರತಿದಿನ ಬೆಳಿಗ್ಗೆ ನೀಲಿ ಡ್ರಮ್ಮಿಗೆ ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಗಟ್ಟಿಯಾದ ಸೋಪನ್ನು ಕಲಕಿ, ಎಲ್ಲರ ಬಕೆಟ್ಟಿಗೂ ಹಂಚುತ್ತಿದ್ದಳು. ಆ ದಿನ ಬೇರೆ ಯಾವುದೋ ಅಂಗಡಿಯಿಂದ ಮಾಲು ಬಂತು. ಕಲೆ ತೆಗೆಯುವ ಔಷಧಿ ನೀಲಿ ಡ್ರಮ್ಮಿನಲ್ಲಿ ಬಂತು. ಯಾರೂ ನಮಗೆ ಹೇಳಲಿಲ್ಲ. ಹೇಳುವುದೇನು, ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತಲ್ಲ.

ಅದನ್ನು ಓದಬಲ್ಲವಳು ಅಲ್ಲಿ ಒಬ್ಬಳಿದ್ದಳು. ನಾನು.

ಇಲ್ಲಿ ನನ್ನನ್ನು ಮೂಗಿ ಅನ್ನುತ್ತಾರೆ, ಮಾತು ಕಡಿಮೆ ಅಂತ. ಹನ್ನೊಂದನೇ ವಯಸ್ಸಿಗೆ ದೊಡ್ಡ ಮನೆಯೊಂದಕ್ಕೆ ಮಗು ಆಡಿಸಲು ಸೇರಿದ್ದೆ. ಆ ಮನೆಯವರೇನೂ ಇಂಗ್ಲಿಷರಲ್ಲ. ಅವರ ಅಜ್ಜಿ ನಮ್ಮಜ್ಜಿ ನರಳಿದ ಭಾಷೆಯಲ್ಲೇ ನರಳಿ ಸತ್ತಳು. ಆದರೂ ಅಲ್ಲಿ ನಾಯಿಗೂ ಇಂಗ್ಲಿಷಿನಲ್ಲೇ ಬೈಗುಳ. ಏಳು ವರ್ಷ ಆ ಮಗುವಿನ ಹೋಮ್‌ವರ್ಕಿನ ಪಕ್ಕ ಕೂತು, ಮೇಜಿನ ಕೆಳಗೆ ಚೆಲ್ಲಿದ್ದನ್ನು ಒರೆಸುತ್ತ, ಮಾತು ಓದು ಎರಡೂ ನನಗೆ ಅಂಟಿದವು. ಒಂದು ದಿನ ಅಮ್ಮಾವರು ನನ್ನ ಮೈವಾಸನೆಯ ಬಗ್ಗೆ ಫೋನಿನಲ್ಲಿ ಗೆಳತಿಗೆ ಹೇಳಿ ನಗುತ್ತಿದ್ದರು. ತಡೆಯಲಾಗದೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಅವರ ಮುಖ ಬಿಳಿಚಿಕೊಂಡಿತು. "ಇಷ್ಟು ವರ್ಷ ಎಲ್ಲಾ ಕೇಳಿಸ್ಕೋತಿದ್ಯೇನೇ, ಕಳ್ಳ ಮುಂಡೆ!" ಎಂದು ಸಂಜೆಯೊಳಗೆ ಹೊರಗೆ ಹಾಕಿದರು. ಹೊರಗೆ ಹಾಕುವಾಗ ಮಾತ್ರ ಅವರಿಗೆ ನಮ್ಮ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬಂತು. ಕಿವಿ ಇರುವ ಆಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಅವತ್ತಿನಿಂದ ನಾನು ಮೂಗಿ.

ಮೂರು ತಿಂಗಳ ಹಿಂದೆ ಮ್ಯಾನೇಜರು ಕೆಳಗಿಳಿದು ಬಂದು, "ದೇಶ ಎಲ್ಲಿಗೆ ಹೋಗಿದೆ, ನೀವಿನ್ನೂ ಎಲ್ಲಿದೀರ? ಈಗ ಗಿಡಕ್ಕೆ ನೀರು ಹಾಕೋನೂ ಇಂಗ್ಲಿಷ್ ಮಾತಾಡ್ತಾನೆ," ಎಂದ. ಪರೀಕ್ಷೆಯಂತೆ. ಫೋನಿನಲ್ಲಿ ಮಷಿನ್ನು ಪ್ರಶ್ನೆ ಕೇಳುತ್ತದೆ, ಉತ್ತರ ಹೇಳಬೇಕು. ಎರಡು ದಿನ ಗಡುವು. ನಾಪಾಸಾದವರು ಮನೆಗೆ.

ದೊಡ್ಡಕ್ಕ ಬಾಯ್ಲರ್ ಹಿಂದೆ ಕೂತು, ಬಾಯಿಗೆ ಟವೆಲು ತುರುಕಿಕೊಂಡು ಅಳುತ್ತಿದ್ದಳು. ನನಗೆ ಕೆಲಸ ಕಲಿಸಿದವಳು ಅವಳು. ನನಗೆ ಜ್ವರ ಬಂದಾಗ ನನ್ನ ಪಾಲಿನ ಚಾದರವನ್ನೂ ತಾನೇ ಹಿಂಡಿದವಳು.

"ಕೊಡಕ್ಕ ಇಲ್ಲಿ ಫೋನು," ಅಂದೆ.

ಗಂಟಲು ಗೊಗ್ಗರು ಮಾಡಿಕೊಂಡು ಅವಳ ಪರೀಕ್ಷೆ ಮುಗಿಸಿದೆ. ಅವಳು ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಸುದ್ದಿ ನಿಲ್ಲುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಾಯ್ಲರ್ ಹಿಂದೆ. ಒಬ್ಬಳಿಗೆ ಮೂಗು ಹಿಡಿದು ಮಾತಾಡಿದೆ, ಒಬ್ಬಳಿಗೆ ಕೆನ್ನೆಯಲ್ಲಿ ಹತ್ತಿ ಇಟ್ಟು, ಹಲ್ಲಿಲ್ಲದವಳಿಗೆ ತುಟಿ ಒಳಗೆ ಮಡಿಚಿ. "ನಂದು ಸ್ವಲ್ಪ ಜೋರಾಗಿ ಹೇಳೇ, ಇಲ್ದಿದ್ರೆ ನಾನು ಅಂತ ನಂಬಲ್ಲ," ಎಂದು ನಾವು ಬಾಯಿಬಡುಕಿ ಅನ್ನುತ್ತಿದ್ದವಳು ನಗಿಸಿದಳು. ಎಲ್ಲರೂ ಪಾಸಾದೆವು. ಇಲ್ಲಿ ಬಟ್ಟೆ ಒಗೆಯುವವರಿಗೂ ಇಂಗ್ಲಿಷ್ ಬರುತ್ತದೆ ಎಂದು ಮ್ಯಾನೇಜರು ಮೇಲೆ ಬೋರ್ಡು ಹಾಕಿಸಿದ.

ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದಾಗ ನಾನು ಟವೆಲು ಮಡಿಸುತ್ತಿದ್ದೆ. ಅಕ್ಷರ ನನ್ನ ಮುಂದೆಯೇ ಹಾದುಹೋಯಿತು. ಓದಿದೆ. ಮೇಸ್ತ್ರಿ ಡ್ರಮ್ಮಿನ ಪಕ್ಕದಲ್ಲೇ ನಿಂತಿದ್ದ. ನೀನು ಹೇಗೆ ಓದಿದೆ ಎಂದು ಅವನು ಕೇಳಿದರೆ? ನಾನೂ ಪಾಸಾದವಳೇ ಎಂಬುದು ಆ ಹೆದರಿಕೆಯಲ್ಲಿ ಹೊಳೆಯಲೇ ಇಲ್ಲ. ಫೋನು ಹಿಡಿದ ಅಮ್ಮಾವರ ಬಿಳಿಚಿದ ಮುಖವೇ ಕಣ್ಣ ಮುಂದೆ ಬಂತು. ಅವನು ಆಚೆ ಹೋಗಲಿ, ಆಮೇಲೆ ದೊಡ್ಡಕ್ಕನಿಗೆ ಹೇಳಿದರಾಯಿತು ಅಂದುಕೊಂಡೆ. ಇನ್ನೊಂದು ಟವೆಲು ಮಡಿಸಿದೆ. ಮೂರನೆಯದು ಮಡಿಸುವಾಗ ಕೂಗು ಕೇಳಿಸಿತು.

ಎರಡು ಟವೆಲಿನಷ್ಟು ಹೊತ್ತು. ಅಷ್ಟೇ ಹೊತ್ತು ನಾನು ಸುಮ್ಮನಿದ್ದದ್ದು.

ಎರಡು ವಾರದ ಮೇಲೆ ಹೋಟೆಲ್ ಕಂಪನಿಯ ಕಾಗದ ಆಸ್ಪತ್ರೆಗೆ ಬಂತು. ಮಂಚದ ಪಕ್ಕ ಕೂತು ನಾನೇ ಓದಿ ಹೇಳಿದೆ. ಈಕೆ ಇಂಗ್ಲಿಷ್ ಬಲ್ಲವಳು, ಪರೀಕ್ಷೆಯಲ್ಲಿ ತೊಂಬತ್ತೊಂದು ಅಂಕ, ಎಚ್ಚರಿಕೆ ಓದಿಯೂ ಕೈ ಹಾಕಿದ್ದು ಈಕೆಯದೇ ತಪ್ಪು, ಆದ್ದರಿಂದ ಮುಂದಿನ ಆಪರೇಷನ್ನಿಗೆ ಕಂಪನಿ ಹೊಣೆಯಲ್ಲ, ವಿಚಾರಣೆಗೆ ಹಾಜರಾಗತಕ್ಕದ್ದು. ಆಪರೇಷನ್ ಆಗದಿದ್ದರೆ ಬೆರಳು ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

"ನಾನು ಹೋಗಿ ಹೇಳ್ಬಿಡ್ತೀನಿ ಅಕ್ಕ, ಮಾತಾಡಿದ್ದು ನಾನು ಅಂತ."

ಜೊತೆಗೆ ಬಂದಿದ್ದ ಬಾಯಿಬಡುಕಿ ನನ್ನ ರಟ್ಟೆ ಹಿಡಿದಳು. "ಬಾಯಿ ಬಿಟ್ಟರೆ ಸೀಳಿ ಹಾಕ್ತೀನಿ. ನಿನ್ನ ಒಂದು ಮಾತಿಗೆ ಅಷ್ಟೂ ಜನ ಬೀದಿಗೆ ಬೀಳ್ತೀವಿ. ಪೊಲೀಸ್ ಅಂದ್ರೆ? ನನ್ನ ಮಕ್ಕಳಿಗೆ ಯಾರು, ನಿಮ್ಮಪ್ಪ ಅನ್ನ ಹಾಕ್ತಾನಾ?"

"ಬಿಡೇ ಅವಳನ್ನ," ಎಂದಳು ದೊಡ್ಡಕ್ಕ. ಆಮೇಲೆ ಬ್ಯಾಂಡೇಜಿನ ಕೈಗಳನ್ನು ನೋಡಿಕೊಳ್ಳುತ್ತ, "ಇವಳು ಹೇಳೋದೂ ಸರಿನೇ ಮೂಗಿ. ಹದಿನೆಂಟು ಮನೆ ಒಲೆ ಆರಿಸಿ ನಾನು ಕೈ ಉಳಿಸ್ಕೊಂಡು ಏನ್ ಮಾಡ್ಲಿ? ಸುಮ್ನಿರು."

ಡ್ರಮ್ಮಿನ ಮೇಲಿದ್ದದ್ದನ್ನು ನಾನು ಓದಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಧೈರ್ಯ ಬರಲಿಲ್ಲ.

ವಿಚಾರಣೆಯ ದಿನ ಅವಳಿಗೆ ನೀರು ಕುಡಿಸಲು ಒಬ್ಬರು ಬೇಕಾಯಿತು. "ಮೂಗೀನ ಕಳಿಸು, ಅದಕ್ಕೇನೂ ತಿಳಿಯಲ್ಲ," ಎಂದ ಮೇಸ್ತ್ರಿ. ಉಳಿದವರು ಹೊರಗೆ ಬಾಗಿಲಿನ ಗಾಜಿಗೆ ಅಂಟಿಕೊಂಡು ನಿಂತರು. ಮೇಜಿನ ಮೇಲೆ ಒಂದು ಸಣ್ಣ ರೆಕಾರ್ಡರ್ ಇತ್ತು, ಇನ್ನೂ ಹಚ್ಚಿರಲಿಲ್ಲ. ಮ್ಯಾನೇಜರು ವಿಚಾರಣೆ ನಡೆಸಲು ಬಂದಿದ್ದ ಅಧಿಕಾರಿಯ ಕಡೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದ:

"ಈ ಮುದುಕಿಗೆ ಎ ಬಿ ಸಿ ಕೂಡ ಬರಲ್ಲ ಸರ್, ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಕಾಗದದಲ್ಲಿ ಬರುತ್ತಲ್ಲ, ನಮಗಷ್ಟು ಸಾಕು."

"ಸಹಿ?" ಎಂದ ಅಧಿಕಾರಿ, ಇಂಗ್ಲಿಷಿನಲ್ಲೇ. "ಕೈಯೇ ಇಲ್ಲವಲ್ಲ."

ಇಬ್ಬರೂ ನಕ್ಕರು. ನನ್ನ ಕೈಯ ಲೋಟದಿಂದ ನೀರು ದೊಡ್ಡಕ್ಕನ ಮಡಿಲಿಗೆ ಚೆಲ್ಲಿತು. "ಸರಿಯಾಗಿ ಹಿಡ್ಕೊಳೇ, ಕತ್ತೆ," ಎಂದ ಮ್ಯಾನೇಜರು, ನಮ್ಮ ಭಾಷೆಯಲ್ಲಿ.

ಅಧಿಕಾರಿ ರೆಕಾರ್ಡರ್ ಒತ್ತಿದ. ಕೆಂಪು ದೀಪ ಹೊತ್ತಿತು. ದನಿ ಗಂಭೀರ ಮಾಡಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ. ದೊಡ್ಡಕ್ಕ ನನ್ನ ಮುಖ ನೋಡಿದಳು. ಮತ್ತೆ ಕೇಳಿದ. ಅವಳು ಎರಡು ಕೈಯನ್ನೂ ಸ್ವಲ್ಪ ಮೇಲೆತ್ತಿ, "ಸ್ವಾಮಿ, ನೀಲಿ ಅಂದ್ರೆ ಸೋಪು," ಎಂದಳು.

"ಆರೋಪಿ ಬೇಕಂತಲೇ ಉತ್ತರಿಸುತ್ತಿಲ್ಲ," ಎಂದು ಅಧಿಕಾರಿ ಯಂತ್ರಕ್ಕೆ ಹೇಳಿದ. ಕೈ ಸುಟ್ಟುಕೊಂಡವಳು ಆಗಲೇ ಆರೋಪಿಯಾಗಿದ್ದಳು. "ಈಕೆಯ ಪರೀಕ್ಷೆಯ ಧ್ವನಿಯನ್ನು ಸಾಕ್ಷಿಯಾಗಿ ಕೇಳಿಸಲಾಗುತ್ತಿದೆ."

ಮ್ಯಾನೇಜರು ಫೋನು ಒತ್ತಿದ. ಕೋಣೆಯ ತುಂಬ ಗೊಗ್ಗರು ದನಿ ಇಂಗ್ಲಿಷಿನಲ್ಲಿ ಮಾತಾಡತೊಡಗಿತು. "ನಾನು ಹದಿನೇಳು ವರ್ಷದಿಂದ ಬಟ್ಟೆ ಒಗೆಯುತ್ತಿದ್ದೇನೆ. ಬಿಳಿ ಬಟ್ಟೆ ಹಿಂಡುವುದು ನನಗೆ ಇಷ್ಟ," ಎಂದಿತು. ದೊಡ್ಡಕ್ಕ ಅದನ್ನು ಯಾರದೋ ಮನೆಯ ರೇಡಿಯೋ ಕೇಳುವಂತೆ ಕೇಳುತ್ತಿದ್ದಳು. ಮುಂದಿನ ಪ್ರಶ್ನೆ ನನಗೆ ನೆನಪಿತ್ತು, ನಿಮ್ಮ ಮಕ್ಕಳ ಬಗ್ಗೆ ಹೇಳಿ ಎಂದು. ಅವಳಿಗೆ ಮಕ್ಕಳಿಲ್ಲ. ಅವತ್ತು ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿದ್ದೆ.

ಗಾಜಿನಾಚೆ ಬಾಯಿಬಡುಕಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಹೆದರಿಕೆಗೆ ಉಚ್ಚೆ ಹೋಗುವಂತಾಗಿತ್ತು. ಫೋನು ಪ್ರಶ್ನೆ ಕೇಳಿತು.

ಅದು ಉತ್ತರ ಹೇಳುವ ಮೊದಲೇ, ಅದೇ ಗೊಗ್ಗರು ದನಿಯಲ್ಲಿ, ಅದೇ ಇಂಗ್ಲಿಷಿನಲ್ಲಿ ನಾನು ಹೇಳಿದೆ: "ನನಗೆ ಒಬ್ಬಳು ಮಗಳಿದ್ದಾಳೆ. ಅವಳಿಗೆ ಮಾತು ಕಡಿಮೆ."

ಫೋನು ನನ್ನ ಹಿಂದೆಯೇ ಅದನ್ನೇ ಹೇಳಿತು.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಆ ಬಣ್ಣ ನಾನು ಮೊದಲೇ ನೋಡಿದ್ದೆ. ಸ್ವಲ್ಪ ಮುಂಚೆ ಅವನು ನಕ್ಕು ಹೇಳಿದ್ದನ್ನೂ, ಅಧಿಕಾರಿ ನಕ್ಕು ಹೇಳಿದ್ದನ್ನೂ ಇಂಗ್ಲಿಷಿನಲ್ಲೇ ಅಕ್ಷರ ಬಿಡದೆ ಒಪ್ಪಿಸಿದೆ. ಆಮೇಲೆ ನಮ್ಮ ಭಾಷೆಯಲ್ಲಿ, ಗಾಜಿನಾಚೆಗೂ ಕೇಳಲಿ ಎಂದು ಕೂಗಿದೆ: "ಪರೀಕ್ಷೇಲಿ ಮಾತಾಡಿದೋಳು ನಾನು, ಇವಳಲ್ಲ! ಡ್ರಮ್ಮು ಓದಿದೋಳೂ ನಾನೇ! ಓದಿ ಸುಮ್ನಿದ್ದೆ ಅಕ್ಕ, ಹೆದ್ರಿಕೆ ಆಗಿ ಸುಮ್ನಿದ್ದೆ!"

"ಆರಿಸ್ರೀ ಅದನ್ನ, ಆರಿಸ್ರೀ!" ಮ್ಯಾನೇಜರು ಎದ್ದ. ಅಧಿಕಾರಿ ರೆಕಾರ್ಡರಿಗೆ ಕೈ ಚಾಚಿದ.

ದೊಡ್ಡಕ್ಕನ ಕೈ ಮೊದಲು ಬಂತು. ಬ್ಯಾಂಡೇಜಿನ ಕೈಯನ್ನು ಅವಳು ರೆಕಾರ್ಡರಿನ ಮೇಲೆ ಇಟ್ಟು ಅದುಮಿದಳು. ನೋವಿಗೆ ಅವಳ ಕತ್ತಿನ ನರ ಎದ್ದು ನಿಂತವು. ನನ್ನ ಮುಖ ನೋಡಿದಳು, ಆ ನೋಟದಲ್ಲಿ ಕ್ಷಮೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

"ಅದ್ರ ಮೇಲೆ ಏನ್ ಬರ್ದಿತ್ತೇ, ಮೂಗಿ?" ಎಂದಳು. "ಈಗ ಓದು."

ಅಧಿಕಾರಿ ಅವಳ ಕೈ ಎಳೆಯಲು ಹೋದವನು ಬ್ಯಾಂಡೇಜಿನ ಒದ್ದೆ ಕಂಡು ಹಿಂಜರಿದ. ಅವಳ ಬೆರಳ ಸಂದಿಯಿಂದ ಕೆಂಪು ದೀಪ ಇನ್ನೂ ಕಾಣುತ್ತಿತ್ತು.

"ಅಪಾಯ," ಅಂದೆ. "ಬರಿಗೈಯಲ್ಲಿ ಮುಟ್ಟಬಾರದು."