ಅಸ್ನಾಕೆಚ್‌ಗೆ ಹೇಳಬೇಕಿದ್ದ ಸುದ್ದಿ

ಅಸ್ನಾಕೆಚ್ ತಾಯಿ ತೀರಿಕೊಂಡ ವಿಷಯ ಫ್ರಾಂಕ್‌ಫರ್ಟಿನ ನಮ್ಮ ಇಥಿಯೋಪಿಯಾ ಜನಕ್ಕೆಲ್ಲ ಗೊತ್ತಿತ್ತು. ಟ್ಯಾಕ್ಸಿ ಓಡಿಸುವವರಿಗೆ ಗೊತ್ತಿತ್ತು, ನಮ್ಮ ದೋಸೆಯಂಥ ಇಂಜೆರಾ ಹುಯ್ದು ಮಾರುವವರಿಗೆ ಗೊತ್ತಿತ್ತು, ಚರ್ಚಿನ ಪಾದ್ರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಅಸ್ನಾಕೆಚ್ ಒಬ್ಬಳೇ. ಅವಳಿಗೆ ಹೇಳಲು ನಮಗೊಂದು ಬೆಳಗು ಬೇಕಿತ್ತು. ಅವಳ ಬೆಳಗುಗಳೆಲ್ಲ ಕಂಪನಿಯ ಪಾಲಾಗಿದ್ದವು.

ಅವಳೂ ನಾನೂ ಒಂದೇ ಗುತ್ತಿಗೆ ಕಂಪನಿಯಲ್ಲಿ ಕಸ ಗುಡಿಸುವವರು. ಊರು ಕಣ್ಣು ಬಿಡುವ ಮುಂಚೆ ಬ್ಯಾಂಕಿನ ಗಾಜಿನ ಕಟ್ಟಡ ಸೇರಬೇಕು. ಪಾಯಿಖಾನೆಗೆ ಹಾಕುವ ಔಷಧಿಗೆ ಅವಳ ಅಂಗೈ ಎಷ್ಟು ಬಿರಿದಿತ್ತೆಂದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಭಾನುವಾರ ಬ್ಯಾಂಕಿಗೆ ರಜೆ. ಆದರೆ ನಮ್ಮ ಧಣಿ ಇನ್ನೊಂದು ಹೆಸರಿನಲ್ಲಿ ಇನ್ನೊಂದು ಕಂಪನಿಯ ಬೋರ್ಡು ಹಾಕಿಕೊಂಡಿದ್ದ. ಭಾನುವಾರ ಆ ಬೋರ್ಡಿನ ಲೆಕ್ಕದಲ್ಲಿ ಅವಳು ವಿಮಾನ ನಿಲ್ದಾಣದ ನೆಲ ಒರೆಸುತ್ತಿದ್ದಳು. ಮೊದಲ ಬೋರ್ಡಿನ ಲೆಕ್ಕದಲ್ಲಿ ಮಾತ್ರ ಅವಳು ಅವತ್ತು ರಜೆ ಪಡೆದು ಮನೆಯಲ್ಲಿ ಮಲಗಿರುತ್ತಿದ್ದಳು.

ನಮ್ಮಲ್ಲಿ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಸಂಜೆ ಹೇಳಿದರೆ ದುಃಖದವರನ್ನು ಕತ್ತಲೆಗೆ ತಳ್ಳಿದಂತೆ. ಬೆಳಕು ಹರಿಯುವಾಗ ಹಿರಿಯರು ಬಿಳಿ ಶಾಲು ಹೊದ್ದು ಗುಂಪಾಗಿ ಹೋಗಬೇಕು. ಅಷ್ಟರೊಳಗೆ ಯಾರಾದರೂ ಉಪಾಯ ಮಾಡಿ ಅವರ ಹೊಟ್ಟೆಗೆ ಒಂದು ತುತ್ತು ಹಾಕಿರಬೇಕು. ಆಮೇಲೆ ಹೇಳಬೇಕು, ಜೊತೆಗೆ ಕೂತು ಅಳಬೇಕು. ಈ ಊರಿನಲ್ಲಿ ಅದೆಲ್ಲ ನಮ್ಮ ಸಂಘದ ಕೆಲಸ. ಸಂಘ ಅಂದರೆ ರೈಲ್ವೆ ನಿಲ್ದಾಣದ ಹಿಂದಿನ ಎರಡು ಕೋಣೆ, ಅಧ್ಯಕ್ಷರು ತೆಸ್ಸೆಮಾ ಅಜ್ಜ.

ಇಥಿಯೋಪಿಯಾದ ದೆಸ್ಸೆಯಲ್ಲಿದ್ದ ಅವಳ ತಮ್ಮನಿಗೆ ನಾವೇ ಹೇಳಿಕೊಟ್ಟಿದ್ದೆವು, ಅಕ್ಕ ಫೋನು ಮಾಡಿದರೆ ಅಮ್ಮನಿಗೆ ಗಂಟಲು ಕಟ್ಟಿದೆ, ಮಾತು ಬರುತ್ತಿಲ್ಲ ಅನ್ನು ಅಂತ. ಅವಳು ಊಟ ಬಿಟ್ಟು ದುಡ್ಡು ಉಳಿಸಿ ಗಂಟಲಿನ ಔಷಧಿ ಕೊಂಡಳು. ಊರಿಗೆ ಹೋಗುವವರ ಕೈಲಿ ಕಳಿಸಿ ಅಂತ ಸಂಘಕ್ಕೆ ತಂದುಕೊಟ್ಟಳು. ಅಜ್ಜ, "ಆಗಲಿ ಮಗಳೇ," ಎಂದು ಕಪಾಟಿನಲ್ಲಿ ಇಟ್ಟರು. ಹದಿನೈದು ದಿನ ಬಿಟ್ಟು ಇನ್ನೂ ದೊಡ್ಡ ಸೀಸೆ ತಂದಳು. ಸತ್ತವಳ ಗಂಟಲಿಗೆ ಔಷಧಿ ಕೂಡಿಡುತ್ತ ನಾವು ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು.

ಕೊನೆಗೆ ಅಜ್ಜನೂ ನಾನೂ ಕಂಪನಿಯ ಮೇಸ್ತ್ರಿ ಬ್ರುನ್ನರ್ ಹತ್ತಿರ ಹೋಗಿ ಅವಳಿಗೊಂದು ಬೆಳಗ್ಗೆ ರಜೆ ಕೇಳಿದೆವು. ಆತ ಕೆಟ್ಟವನಲ್ಲ. ನಮಗೆ ಕುರ್ಚಿ ಕೊಟ್ಟ, ಅಯ್ಯೋ ಪಾಪ ಅಂದ.

"ಸಾವಿಗೆ ರಜೆ ಉಂಟು. ಆದ್ರೆ ಅದನ್ನ ಅವರೇ ಕೇಳ್ಬೇಕು."

"ಅವಳಿಗೆ ಗೊತ್ತಿಲ್ವಲ್ಲ ಸ್ವಾಮಿ," ಅಂದರು ಅಜ್ಜ.

"ಗೊತ್ತು ಮಾಡಿ."

"ಗೊತ್ತು ಮಾಡೋಕೇ ರಜೆ ಕೇಳ್ತಿರೋದು."

ಬ್ರುನ್ನರ್ ಗಲ್ಲ ಕೆರೆದುಕೊಂಡು ಬಹಳ ಯೋಚಿಸಿದ. "ನೋಡಿ, ಗೊತ್ತಿಲ್ಲ ಅಂದ್ಮೇಲೆ ಅವ್ರಿಗೆ ದುಃಖ ಆಗಿಲ್ಲ. ದುಃಖ ಆಗದೇ ಇರೋರಿಗೆ ದುಃಖದ ರಜೆ ಹೆಂಗೆ ಕೊಡ್ಲಿ? ನಾಳೆ ಎಲ್ರೂ ಕೇಳ್ತಾರೆ."

ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆಯಾಗದೆ ಹುಚ್ಚು ಬಿಡದು. ಹೊರಡುವಾಗ ಆತ ನನ್ನನ್ನು ಪಕ್ಕಕ್ಕೆ ಕರೆದು, ಕ್ರಿಸ್‌ಮಸ್ ಕೆಲಸದ ಭರಾಟೆ ಮುಗಿಯುವ ತನಕ ಯಾರೂ ಬಾಯಿ ಬಿಡಬೇಡಿ, ಈಗ ಅವಳು ಚೆನ್ನಾಗಿ ಕೆಲಸ ಮಾಡುತ್ತಿದ್ದಾಳೆ ಅಂದ. ನನ್ನ ಮೈ ಉರಿದುಹೋಯಿತು. ಸಾವನ್ನು ಬಚ್ಚಿಟ್ಟಿದ್ದು ನಾವು ಅವಳ ಮೇಲಿನ ಮಮತೆಗೆ. ಅದರಿಂದ ಲಾಭ ಮಾಡಿಕೊಂಡಿದ್ದು ಕಂಪನಿ.

ಸಂಘದಲ್ಲಿ ಅವತ್ತು ದೊಡ್ಡ ಜಗಳವಾಯಿತು. ಸಂಜೆಯೇ ಹೇಳಿಬಿಡೋಣ ಅಂದರು ಕೆಲವರು. ಕಂಪನಿಗೋಸ್ಕರ ಪದ್ಧತಿ ಬಿಡಬೇಕಾ ಅಂತ ಉಳಿದವರು ಎದ್ದು ನಿಂತರು. ಅಜ್ಜ ಕಾಫಿ ಬಟ್ಟಲು ಕೆಳಗಿಟ್ಟರು.

"ದಿನಾ ಬೆಳಗ್ಗೆ ಹೊತ್ತು ಹುಟ್ಟುವಾಗ ಅವಳು ಎಲ್ಲಿರ್ತಾಳೆ?"

"ಬ್ಯಾಂಕಲ್ಲಿ," ಅಂದೆ.

"ಹಂಗಾದ್ರೆ ಅದೇ ಅವಳ ಮನೆ. ಅಲ್ಲಿಗೇ ಹೋಗೋಣ."

ಮಾರನೆಯ ದಿನ ಬೆಳಕು ಹರಿಯುವಾಗ ಸಾಮಾನಿನ ಲಿಫ್ಟಿನ ಬಾಗಿಲನ್ನು ನನ್ನ ಕಾರ್ಡು ತೋರಿಸಿ ನಾನೇ ತೆಗೆದೆ. ಬಿಳಿ ಶಾಲು ಹೊದ್ದ ನಮ್ಮವರು ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು. ಅವರನ್ನು ಹೊರಗೆ ನಿಲ್ಲಿಸಿ, ಅಸ್ನಾಕೆಚ್ ನೆಲ ಒರೆಸುತ್ತಿದ್ದ ನಿರ್ದೇಶಕರ ಸಭಾಂಗಣಕ್ಕೆ ನಾನೊಬ್ಬಳೇ ಹೋದೆ. ಇಂಜೆರಾ ತುತ್ತು ಮಾಡಿ ಅವಳ ಬಾಯಿಗಿಟ್ಟೆ.

"ಏನೇ ಜೆನೆಟ್, ಮದುಮಗಳಿಗೆ ತಿನ್ಸಿದ ಹಂಗೆ ತಿನ್ಸ್ತಿದೀಯ," ಎಂದು ನಕ್ಕಳು. ತುತ್ತು ನುಂಗಿದ ಮೇಲೆ ಬಾಗಿಲ ಕಡೆ ನೋಡಿದಳು. ಬಾಗಿಲ ತುಂಬ ಬಿಳಿ ಶಾಲು.

ಅವಳ ಕೈಯಿಂದ ಒರೆಸುವ ಕೋಲು ಬಿತ್ತು. "ಅಮ್ಮನಾ?"

ಅಜ್ಜ ಹೌದೆಂದು ತಲೆಯಾಡಿಸಿದರು.

"ಯಾವಾಗ?"

"ನಮ್ಮ ಹೊಸ ವರ್ಷ ಕಳೆದ ಮರುವಾರ, ಮಗಳೇ."

ನಮ್ಮ ಹೊಸ ವರ್ಷ ಬರುವುದು ಸೆಪ್ಟೆಂಬರಿನಲ್ಲಿ. ಅವಳು ಕಿಟಕಿಯ ಆಚೆ ಬೀದಿಯ ಕ್ರಿಸ್‌ಮಸ್ ದೀಪಗಳನ್ನು ನೋಡಿದಳು. "ಇಷ್ಟು ದಿನ ನಾನು ನಗ್ತಾ ಇದ್ನಲ್ಲ," ಅಂದಳು. ಆಮೇಲೆ ಎದೆ ಹೊಡೆದುಕೊಂಡು ಕೂಗಿದ ಕೂಗಿಗೆ ಗಾಜಿನ ಗೋಡೆ ಅದುರಿತು.

ನಾವೆಲ್ಲ ನೆಲದ ಮೇಲೆ ಕೂತು ಅತ್ತೆವು. ಮೇಲಿನ ಮಹಡಿಯ ಬಲ್ಗೇರಿಯಾದವಳು ಬಂದು ಕೂತಳು, ಕೆಳಗಿನ ಮಹಡಿಯ ಘಾನಾದವರು ಬಂದರು. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ಅಳಲು ಬರುತ್ತದೆ. ಟೈ ಕಟ್ಟಿದ ನಿರ್ದೇಶಕರು ಸಭೆಗೆಂದು ಬಂದು ಬಾಗಿಲಲ್ಲಿ ಸಾಲಾಗಿ ನಿಂತರು. ತಾವು ಬಂದದ್ದು ಸರಿಯಾದ ಕೋಣೆಗೋ ಎಂದು ಒಬ್ಬ ಬಾಗಿಲ ಮೇಲಿನ ಫಲಕ ಓದಿದ.

ಬ್ರುನ್ನರ್ ಓಡೋಡಿ ಬಂದ. "ಈಗ ಗೊತ್ತಾಯ್ತಲ್ಲ, ಒಳ್ಳೇದಾಯ್ತು," ಅಂದ. ಸಾವಾದ ದಿನ ಹೇಳಿ ಅವಳ ಪರವಾಗಿ ನಾನು ರಜೆ ಕೇಳಿದೆ. ಅವನ ಮುಖ ಸಣ್ಣದಾಯಿತು. ಸಾವಾದ ವಾರದೊಳಗೇ ಕೇಳಬೇಕಿತ್ತು, ಈಗ ಅವಧಿ ಮೀರಿದೆ, ತಾನೇನು ಮಾಡಲಿ ಅಂದ. ನಿರ್ದೇಶಕರು ಕಾಯುತ್ತಿದ್ದಾರೆ, ಎಲ್ಲ ಏಳಿ, ಕೆಲಸ ಹಿಡೀರಿ ಅಂದ.

ಅಸ್ನಾಕೆಚ್ ಅಜ್ಜನ ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. ಬ್ರುನ್ನರನನ್ನೂ ಅವನ ಹಿಂದಿದ್ದ ಟೈಗಳನ್ನೂ ಒಂದು ಸಲ ನೋಡಿದಳು.

"ಕೂತ್ಕೊಳ್ರಪ್ಪಾ," ಅಂದಳು. "ಸಾವಿನ ಮನೇಲಿ ಹಂಗೆ ನಿಂತ್ಕೊಂಡು ಮಾತಾಡಬಾರದು."

ನಮ್ಮಲ್ಲಿ ಒಬ್ಬರೂ ಏಳಲಿಲ್ಲ.